ನನ್ನ ಹೆಂಡತಿಯ ನಂಬರು ಶಾಗ್ಯದಲ್ಲಿದೆ

ನವೆಂಬರ್ ೩, ಸೋಮವಾರ

ಈ ಡೈರಿ ನಮ್ಮ ನೇಕಾರರ ಸಂಘದ್ದು. ಕಾರ್ಯದರ್ಶಿ ಮೋಹನ್ ಇವತ್ತು ಕೈಗೆ ಕೊಟ್ಟು, "ನಟರಾಜಣ್ಣ, ಯಾರ್ಯಾರ್ದು ಲಾಕ್ ಆಗದೆ, ಏನ್ ತೊಂದ್ರೆ ಅಂತ ಇದ್ರಲ್ಲಿ ಬರ್ಕೊತಾ ಓಗಿ" ಎಂದ. ಅದಕ್ಕೆ ಒಂದು ಸಾಲು ಸಾಕು: ಎಲ್ಲರದೂ ಲಾಕ್ ಆಗಿದೆ. ಉಳಿದ ಹಾಳೆ ದಂಡವಾಗಬಾರದೆಂದು ನನ್ನ ಪುರಾಣ ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲವಾದ್ದರಿಂದ ಕಾಗುಣಿತಕ್ಕೆ ಹೆದರಬೇಕಾಗಿಲ್ಲ.

ಆದದ್ದು ಇಷ್ಟು. ಸಂಘದಿಂದ ರೇಷ್ಮೆ ನೂಲು ಬೇಕಾದರೆ ಇನ್ನು ಮೇಲೆ ಮಗ್ಗದವರು ಒಬ್ಬೊಬ್ಬರೂ ಪೋರ್ಟಲ್ ಒಳಗೆ ಹೋಗಿ ಕೇಳಬೇಕಂತೆ. ಮೊದಲು ಪಾಸ್‌ವರ್ಡ್. ಆಮೇಲೆ ಮೊಬೈಲಿಗೆ ಬರುವ ಓಟಿಪಿ. ಅದೂ ಸಾಲದೆಂದು ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. ಹೆಣ್ಣು ಕೇಳಲು ಹೋದಾಗ ನನ್ನ ಮಾವನೂ ನನ್ನನ್ನು ಇಷ್ಟು ಪರೀಕ್ಷೆ ಮಾಡಿರಲಿಲ್ಲ. ತಿಂಗಳ ಕೊನೆಯೊಳಗೆ ಒಳಗೆ ಹೋಗದಿದ್ದರೆ ಹೆಸರು ಪಟ್ಟಿಯಿಂದ ಹಾರಿಹೋಗುತ್ತದೆ, ನೂಲು ಇಲ್ಲ. ನೂಲಿಲ್ಲದ ಮಗ್ಗದ ಮೇಲೆ ಕೊಳ್ಳೇಗಾಲದ ಕೋಳಿಗಳು ಮಲಗಬಹುದು.

ಜನರಿಗೆ ಸಹಾಯ ಮಾಡಲು ನನ್ನನ್ನೇ ಹಿಡಿದದ್ದು ಏಕೆಂದರೆ ನನಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿ ಊರಲ್ಲಿದೆ. ಬಿ.ಎ. ಎರಡನೇ ವರ್ಷದವರೆಗೆ ಓದಿ, ಮೂರನೆಯದನ್ನು ಬಿಟ್ಟು, ಸಂಘದ ಮಾರಾಟ ಮಳಿಗೆಯಲ್ಲಿ ರಿಟೈರಾಗುವ ತನಕ ಸೀರೆ ಮಡಿಸಿದವನು ನಾನು. ಹೌಎವರ್, ನೆವರ್‌ದಿಲೆಸ್, ಇನ್‌ಸ್ಪೈಟ್ ಆಫ್, ಇಷ್ಟು ಇನ್ನೂ ಗಟ್ಟಿಯಾಗಿ ನೆನಪಿವೆ. ಅವುಗಳ ಹಿಂದುಮುಂದಿನ ವಾಕ್ಯಗಳು ಹೋಗಿಬಿಟ್ಟಿವೆ.

ಮೊದಲ ಗಿರಾಕಿ ನಮ್ಮ ಬೀದಿಯ ದೊಡ್ಡಬಸಮ್ಮ. ಮುದುಕಿಯ ಮಗ್ಗದ ಮೇಲೆ ಧಾರೆ ಸೀರೆ ಇದೆ. ಮೈ ಮುಗಿದಿದೆ, ಸೆರಗು ಬಾಕಿ. ನೂಲು ಸಾಲದು. ಅದರ ಜೊತೆಗೇ ಬಣ್ಣ ಹಾಕಿದ ನೂಲು ಸಂಘದ ಬೀರುವಿನಲ್ಲೇ ಕೂತಿದೆ, ಪೋರ್ಟಲ್ ಹೂಂ ಅನ್ನದೆ ಮೋಹನ್ ತೆಗೆಯುವಂತಿಲ್ಲ. ಬೇರೆ ನೂಲು ಹಾಕಿದರೆ ಬಣ್ಣ ಕೂಡುವುದಿಲ್ಲ.

"ಸೆರಗಿಲ್ದ ಸೀರೆ ಯಾವಳ್ ಉಡ್ತಾಳ್ಲಾ? ನಿಂಗೆ ಪಂಚೆ ಮಾಡ್ಕೊಡ್ಲಾ?"

ಪರದೆಯ ಮೇಲೆ ಕೆಂಪಕ್ಷರದಲ್ಲಿ ಇಂಗ್ಲಿಷ್ ಬಂತು. ಓದಿ ಹೇಳಿದೆ: ನಿಮ್ಮ ಸುರಕ್ಷತೆಗಾಗಿ ನಿಮ್ಮನ್ನು ಹೊರಗೆ ಇಡಲಾಗಿದೆ.

"ನನ್ನ ಈಚೆಗ್ ದಬ್ಬಿ ಬಾಗ್ಲಾಕಂಡು ಸುರಕ್ಷತೆ ಅಂತಾನಾ? ಯಾವನ್ಲಾ ಅವ್ನು?"

"ಪ್ಯಾಸಿವ್ ವಾಯ್ಸ್ ಅಮ್ಮ. ಅದರಲ್ಲಿ ಯಾವನೂ ಇರಲ್ಲ" ಎಂದೆ.

ಮನೆಗೆ ಹಿತ್ತಲ ಬಾಗಿಲಿಂದ ಬಂದೆ. ಅದೇ ಅನುಕೂಲ, ಓಣಿಯಿಂದ ನೇರ. ಮುಂದಿನ ಬಾಗಿಲು ಮಳೆಗೆ ಉಬ್ಬಿಕೊಂಡಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕಾಫಿ ಮಾಡಿಕೊಂಡೆ. ಊಟ ಹೋಟೆಲಿನ ಇಡ್ಲಿ. ಹೆಂಡತಿ ಪ್ರೇಮಾ ಇದ್ದಾಗ ಬಂದ ಸಿಲಿಂಡರು ಇನ್ನೂ ಮುಗಿದಿಲ್ಲ ಎಂದರೆ ಗ್ಯಾಸ್ ಏಜೆನ್ಸಿಯವರಿಗೆ ನನ್ನ ಮೇಲೆ ಅನುಮಾನ ಬರಬೇಕು.

ನವೆಂಬರ್ ೪, ಮಂಗಳವಾರ

ರೋಗ ಸಿಕ್ಕಿತು. ಮೋಹನ್ ಕಂಪ್ಯೂಟರಿನಲ್ಲಿ ಒಬ್ಬೊಬ್ಬರದೇ ತೆಗೆದ. ಓಟಿಪಿ ಯಾವ ನಂಬರಿಗೆ ಹೋಗುತ್ತಿದೆ ಎಂದು ಅದು ಪೂರ್ತಿ ತೋರಿಸುವುದಿಲ್ಲ, ಕೊನೆಯ ಅಂಕಿಗಳ ಬಾಲ ಮಾತ್ರ ತೋರಿಸುತ್ತದೆ. ದೊಡ್ಡಬಸಮ್ಮನ ಬಾಲ, ಎದುರುಮನೆ ದೇವಣ್ಣನ ಬಾಲ, ಅವನ ಪಕ್ಕದ ಮನೆಯವರ ಬಾಲ, ಬೀದಿಯ ಅಷ್ಟೂ ಮಗ್ಗಗಳ ಬಾಲ ಒಂದೇ.

ಅದು ನನ್ನ ಹೆಂಡತಿಯ ನಂಬರು.

ಮೋಹನ್‌ಗೆ ಅರ್ಥವಾಗಲಿಲ್ಲ, ಅವನು ಈ ಬೀದಿಯವನಲ್ಲ. ಮಗ್ಗಕ್ಕೆ ಕೂತವನ ಕಾಲು ಗುಂಡಿಯಲ್ಲಿ, ಕೈ ಲಾಳಿಯಲ್ಲಿ. ಫೋನ್ ಎತ್ತಿದರೆ ಎಳೆ ತಪ್ಪುತ್ತದೆ. ಪ್ರೇಮಾ ಮಾತ್ರ ನಮ್ಮ ಜಗಲಿಯ ಮೇಲೆ ರಾಟೆ ಇಟ್ಟುಕೊಂಡು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಫೋನು ಮಡಿಲಲ್ಲಿ. ಆದ್ದರಿಂದ ಬ್ಯಾಂಕಿನವರು ಕೇಳಲಿ, ರೇಷನ್ ಕಾರ್ಡಿನವರು ಕೇಳಲಿ, ಸಂಘದವರು ಕೇಳಲಿ, ಎಲ್ಲರೂ ಅವಳ ನಂಬರನ್ನೇ ಕೊಡುತ್ತಿದ್ದರು. ಓಟಿಪಿ ಬಂದರೆ ಅವಳು ಕೂತಲ್ಲಿಂದಲೇ, ಅಷ್ಟು ಮಗ್ಗದ ಸದ್ದಿನ ಮೇಲೆ, "ದೇವಣ್ಣೋ! ನಾಕು, ಏಳು, ಸೊನ್ನೆ..." ಎಂದು ಕೂಗುತ್ತಿದ್ದಳು. ಪಾಸ್‌ವರ್ಡೂ ಇಡೀ ಬೀದಿಗೆ ಒಂದೇ, ಅವಳೇ ಇಟ್ಟದ್ದು: ಪ್ರೇಮಾ ಅಟ್ ಒನ್ ಟೂ ತ್ರೀ. ಎಲ್ಲರ ಗುಟ್ಟು ಎಲ್ಲರಿಗೂ ಗೊತ್ತಿದ್ದುದರಿಂದ ಕಳ್ಳತನಕ್ಕೆ ಜಾಗವೇ ಇರಲಿಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅವಳು ಹೋದಳು. ಫೋನು ಬೀರುವಿಗೆ ಹೋಯಿತು.

ದೇವಣ್ಣ ನನಗೆ ಬೈದ. "ಒಂದ್ ರೀಚಾರ್ಜ್ ಮಾಡುಸ್ಬಾರ್ದಾಗಿತ್ತೇನ್ಲಾ?"

"ಹೋದವಳಿಗೆ ಯಾರಾದರೂ ರೀಚಾರ್ಜ್ ಮಾಡಿಸ್ತಾರೇನಲಾ?"

"ತಿಥಿಗೆ ವಡೆ ಮಾಡುಸ್ದಲ್ಲ, ಅದೇನ್ ಬಂದ್ ತಿಂದ್ಲಾ?"

ನಂಬರು ಬದಲಾಯಿಸೋಣವೆಂದರೆ ಪೋರ್ಟಲ್ ಹೇಳುತ್ತದೆ, ಹಳೆಯ ನಂಬರಿಗೆ ಓಟಿಪಿ ಕಳಿಸಿದ್ದೇನೆ, ಅದನ್ನು ಹಾಕು. ಬೀಗದ ಕೈಯನ್ನು ಒಳಗಿಟ್ಟು ಬೀಗ ಹಾಕಿದವನಿಗೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ, ಮರೆತುಹೋಗಿದೆ. ಕನ್ನಡದಲ್ಲಿ ನನಗೆ ಗೊತ್ತಿರುವ ಹೆಸರನ್ನು ಬರೆಯುವಂತಿಲ್ಲ.

ನವೆಂಬರ್ ೫, ಬುಧವಾರ

ಬೀರು ತೆಗೆದು ಫೋನು ಹುಡುಕಿದೆ. ಸೀರೆಗಳ ಕೆಳಗಿತ್ತು. ಚಾರ್ಜಿಗೆ ಹಾಕಿದರೆ ಹತ್ತಿಕೊಂಡಿತು, ಸಿಮ್ ಮಾತ್ರ ಸತ್ತಿದೆ. ಅಂಗಡಿಯವನು, "ಇಷ್ಟ್ ದಿನ ಬುಟ್ರೆ ಕಂಪ್ನಿಯವ್ರು ನಂಬರ್‌ನ ಬೇರೆಯವ್ರಿಗೆ ಕೊಟ್ಬುಡ್ತರೆ ಸಾ. ಒಂದ್ಸಲ ಒಡ್ದ್ ನೋಡಿ" ಎಂದ.

ನನ್ನ ಫೋನಿಂದ ಹೊಡೆದೆ. ಪರದೆಯಲ್ಲಿ "ಮನೆ" ಎಂದು ಬಂತು, ನಾನು ಹಾಗೇ ಹಾಕಿಕೊಂಡಿದ್ದೆ. ರಿಂಗಾಯಿತು.

ಒಬ್ಬ ಗಂಡಸು ಎತ್ತಿಕೊಂಡ. "ಯಾರಾ?"

ಕಟ್ ಮಾಡಿದೆ. ಹೆಂಡತಿಯ ಫೋನನ್ನು ಪರಗಂಡಸು ಎತ್ತಿಕೊಂಡು ನನ್ನನ್ನೇ ಯಾರು ಎಂದು ಕೇಳುತ್ತಾನೆ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಇದೊಂದು ಬಾಕಿ ಇತ್ತು.

ನವೆಂಬರ್ ೭, ಶುಕ್ರವಾರ

ಇವತ್ತು ಧೈರ್ಯ ಮಾಡಿ ಮಾತಾಡಿದೆ. ಅವನ ಹೆಸರು ಪುಟ್ಟಮಾದಯ್ಯ. ಹನೂರಿನ ಆಚೆ ಶಾಗ್ಯದವನು, ಬೇಸಾಯ. ವಿಷಯವನ್ನೆಲ್ಲ ವಿವರಿಸಿ, "ಈಗ ನಿಮ್ಮ ಫೋನಿಗೆ ಒಂದು ಓಟಿಪಿ ಬಂದಿದೆ, ಸ್ವಲ್ಪ ಓದಿ ಹೇಳಿ" ಎಂದೆ.

"ಯೋಳಾಕಿಲ್ಲ ಸಾ."

"ಯಾಕೆ?"

"ಯಾರ್ಗೂ ಯೋಳ್ಬೇಡಿ ಅಂತ ಅದ್ರಲ್ಲೇ ಬರ್ದದೆ. ಫೋನ್ ಮಾಡುದ್ರೆ ಮೊದ್ಲು ಅದ್ನೇ ಯೋಳ್ತಳೆ ಆ ಎಣ್ಮಗ್ಳು. ನೀವು ಓದಿರೋರ್ ತರ ಮಾತಾಡ್ತೀರಿ, ನಿಮ್ಗೊತ್ತಿಲ್ವಾ?"

ಈ ಸೀಮೆಯಲ್ಲಿ, ಈ ರಾಜ್ಯದಲ್ಲಿ, ಆ ಎಚ್ಚರಿಕೆಯನ್ನು ಕಿವಿಗೊಟ್ಟು ಕೇಳಿ ಪಾಲಿಸುವ ಏಕೈಕ ಮನುಷ್ಯ ಇವನು. ಇವನ ಕೈಗೇ ಹೋಗಿ ಬೀಳಬೇಕೆ ಆ ನಂಬರು?

ನವೆಂಬರ್ ೧೧, ಮಂಗಳವಾರ

ದಿನಾ ಫೋನ್ ಮಾಡುತ್ತಿದ್ದೇನೆ. ದಿನಾ ಯೋಳಾಕಿಲ್ಲ. ಇವತ್ತು ಸಿಟ್ಟು ಬಂದು ಇಂಗ್ಲಿಷಿನಲ್ಲಿ ಬೈದೆ. "ನಾನ್‌ಸೆನ್ಸ್! ನೆವರ್‌ದಿಲೆಸ್!" ಎಂದೆ. ಅವನು, "ಧೈರ್ಯ ಇದ್ರೆ ಶಾಗ್ಯಕ್ಕೆ ಬಾರಯ್ಯ, ಅಲ್ಲಿ ಯೋಳು ಅದ" ಎಂದ. ಹಿಂದಿನಿಂದ ಒಂದು ಹೆಂಗಸಿನ ದನಿ, "ಅವ್ಳೇನಾ? ಕೊಡಿಲ್ಲಿ ಫೋನ" ಎಂದಿತು. ಕಟ್ ಆಯಿತು.

ಯಾವಳೇನಾ?

ನವೆಂಬರ್ ೧೩, ಗುರುವಾರ

ಶಾಗ್ಯಕ್ಕೆ ಹೋಗುವುದು ತಪ್ಪಲಿ ಎಂದು ಯಳಂದೂರಿಗೆ ಹೋದೆ. ಅಲ್ಲಿ ಕೂರುವ ಒಬ್ಬ ಅಧಿಕಾರಿಗೆ ನಂಬರು ಬದಲಾಯಿಸುವ ಅಧಿಕಾರ ಉಂಟಂತೆ. ಪ್ರೇಮಾಳ ಮರಣ ಪತ್ರ, ಬೀದಿಯವರ ಅರ್ಜಿ, ಎಲ್ಲ ಹೊತ್ತುಕೊಂಡು ಹೋದೆ. ಸಾಹೇಬರು ಒಳ್ಳೆಯವರು. ಎಲ್ಲ ಓದಿ, "ಒಂದ್ ನಿಮಿಷದ ಕೆಲ್ಸ ಸರ್" ಎಂದರು. ಆಮೇಲೆ ಕಂಪ್ಯೂಟರನ್ನು ನೋಡಿ, ನನ್ನನ್ನು ನೋಡಿ, ದನಿ ತಗ್ಗಿಸಿದರು. ಅವರು ಒಳಗೆ ಹೋಗಲು ಓಟಿಪಿ ಅಲ್ಲ, ಫೋನಿನ ಒಂದು ಆಪಿನೊಳಗೆ ಮಿನುಗುವ ಅಂಕಿ ಹಾಕಬೇಕಂತೆ. ದೀಪಾವಳಿಗೆ ಹಳೆಯ ಫೋನ್ ಕೊಟ್ಟು ಹೊಸದು ತೆಗೆದುಕೊಂಡರಂತೆ. ಮಿನುಗುವುದು ಹಳೆಯದರ ಜೊತೆ ಹೋಯಿತು. ಅವರೂ ಆವತ್ತಿನಿಂದ ಹೊರಗೇ ಇದ್ದಾರೆ.

"ಮೇಲ್ನವ್ರಿಗೆ ಬರ್ದಿದೀನಿ. ನೀವು ಇದೇ ಕೆಲ್ಸ ಮಾಡೋರು ಅಂದ್ರಲ್ಲ, ನಿಮ್ಗೇನಾದ್ರೂ ಗೊತ್ತಾ ಸರ್?"

ನನಗೆ ಕಾಫಿ ತರಿಸಿದರು. ಇಬ್ಬರೂ ಬೀಗ ಹಾಕಿದ ಮನೆಯ ಜಗಲಿಯಲ್ಲಿ ಕೂತ ನೆಂಟರ ಹಾಗೆ ಕುಡಿದೆವು.

ನವೆಂಬರ್ ೧೭, ಸೋಮವಾರ

ದೊಡ್ಡಬಸಮ್ಮನ ಮಗ್ಗ ನಿಂತಿತು. ಇದ್ದ ನೂಲು ಮುಗಿಯಿತು. ಬೆಳಿಗ್ಗೆ ಎದ್ದು ಏನೋ ಕಮ್ಮಿಯಾಗಿದೆ ಎನ್ನಿಸಿತು, ಆಮೇಲೆ ತಿಳಿಯಿತು, ಆ ಮಗ್ಗದ ಸದ್ದು ಇಲ್ಲ. ಮುದುಕಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿದ್ದಳು.

"ಆ ಎಣ್ಣಿನ ಧಾರೆ ಸಂಕ್ರಾಂತಿ ಆದ್ಮೇಲೆ ಕಣ್ಲಾ. ಸೆರಗಿಲ್ದೆ ಕಳುಸ್ಲಾ? ನಿನ್ನೆಡ್ತಿ ಇದ್ದಿದ್ರೆ ಈ ಗತಿ ಬರ್ತಿತ್ತಾ?"

ನನಗೇನು ಗೊತ್ತು? ನನ್ನ ಹೆಂಡತಿ ಇದ್ದಿದ್ದರೆ ಬೇಕಾದಷ್ಟು ಗತಿ ಬರುತ್ತಿರಲಿಲ್ಲ. ನಾಡಿದ್ದು ಶಾಗ್ಯಕ್ಕೆ ಹೋಗುತ್ತೇನೆ. ಹೊಡೆದರೆ ಹೊಡೆಯಲಿ.

ನವೆಂಬರ್ ೧೯, ಬುಧವಾರ

ಹೋಗಿಬಂದೆ. ಎಲ್ಲ ಬರೆಯಬೇಕು.

ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವವರ ನೂಕುನುಗ್ಗಲು. ಅವರ ನಡುವೆ ನಾನೊಬ್ಬ ಹರಕೆಯಿಲ್ಲದವನು. ಇನ್ನೊಂದು ಬಸ್ಸು ಹತ್ತಿ ಶಾಗ್ಯದಲ್ಲಿ ಇಳಿದರೆ, ಬರುತ್ತೇನೆಂದು ಮೊದಲೇ ಫೋನ್ ಮಾಡಿದ್ದರಿಂದ, ಪುಟ್ಟಮಾದಯ್ಯ ಕಾಯುತ್ತಿದ್ದ. ಕೈಯಲ್ಲಿ ಕುಡುಗೋಲು. ನನ್ನ ಕಣ್ಣು ಅದರ ಮೇಲೆ ನಿಂತದ್ದನ್ನು ನೋಡಿ, "ಮೇವು ಕುಯ್ಯಾಕೆ ಬಂದಿದ್ದೆ ಸಾ, ನಿಮ್ಗಲ್ಲ" ಎಂದ. ಸಣಕಲು ಆಳು, ನನಗಿಂತ ಹತ್ತು ವರ್ಷ ಕಿರಿಯನಿರಬಹುದು. ಇಂಥವನಿಗೆ ಹೆದರಿ ಯಳಂದೂರಿಗೆ ಹೋಗಿದ್ದೆನಲ್ಲ.

"ಸಾ, ಮೊದ್ಲೇ ಯೋಳ್ಬುಡ್ತೀನಿ. ನಂದೇನಿಲ್ಲ. ನಮ್ ಅಟ್ಟಿಯವ್ಳ ಮುಂದೆ ನೀವು ಒಸಿ ಮಾತಾಡ್ಬೇಕು."

ಮನೆಗೆ ಹೋದ ಮೇಲೆ ತಿಳಿಯಿತು. ಇವನು ಹೋದ ವರ್ಷ ಸಿಮ್ ತಂದ ದಿನದಿಂದ ಫೋನಿನಲ್ಲಿ ಯಾರ್ಯಾರೋ "ಪ್ರೇಮಕ್ಕ ಇಲ್ವಾ? ಪ್ರೇಮಕ್ಕನ್ಗೆ ಕೊಡಿ" ಎನ್ನುತ್ತಿದ್ದಾರೆ. ಜೂನ್ ಒಂದನೇ ತಾರೀಕು ಯಾವುದೋ ಕಂಪನಿಯಿಂದ "ಡಿಯರ್ ಪ್ರೇಮಾ, ಹ್ಯಾಪಿ ಬರ್ತ್‌ಡೇ" ಎಂದು ಬಂತು. ಕಾಲೇಜಿಗೆ ಹೋಗುವ ಪಕ್ಕದ ಮನೆ ಹುಡುಗಿಯಿಂದ ಅದನ್ನು ಓದಿಸಿದ್ದಾಳೆ ಅವನ ಹೆಂಡತಿ ದೇವೀರಮ್ಮ. ಅಲ್ಲಿಂದ ಮನೆಯಲ್ಲಿ ಕುರುಕ್ಷೇತ್ರ. ಪ್ರೇಮಾ ಎನ್ನುವವಳನ್ನು ಇವನು ಹನೂರಿನಲ್ಲಿ ಇಟ್ಟುಕೊಂಡಿದ್ದಾನೆ ಎಂದು ಅವಳ ತೀರ್ಮಾನ. ಈ ಸಣಕಲನಿಗೆ! ಪ್ರೇಮಾ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ದೇವೀರಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನನ್ನನ್ನು ಕೂರು ಎನ್ನಲಿಲ್ಲ.

"ಯಾರು ಪ್ರೇಮ ಅಂದ್ರೆ?"

"ನನ್ನ ಹೆಂಡತಿ."

"ಕರ್ಕೊಂಡ್ ಬರ್ಬೇಕಾಗಿತ್ತು."

"ಇಲ್ಲ ಅವಳು."

"ಇಲ್ಲ ಅಂದ್ರೆ ಎಲ್ಲೋಗವ್ಳೆ? ಅದ್ನೇ ತಾನೆ ನಾನ್ ಕೇಳ್ತಿರಾದು?"

ಆಗ ಹೇಳಬೇಕಾಯಿತು. "ಸತ್ತುಹೋಗಿದ್ದಾಳೆ" ಎಂದೆ. ಇಷ್ಟು ದಿನ ಹೋದಳು, ಇಲ್ಲ, ಹಾಗಾಯಿತು ಎಂದೇ ಕೆಲಸ ನಡೆಸಿದ್ದೆ. ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ, ಬಿಸಿಲು ಜೋರಾಗಿತ್ತು.

ದೇವೀರಮ್ಮ ಅಷ್ಟಕ್ಕೆ ಬಿಡುವವಳಲ್ಲ. ಮರಣ ಪತ್ರ ತೋರಿಸಿದೆ. "ಕಾಗ್ದ ಯಾರ್ ಬೇಕಾದ್ರೂ ಮಾಡುಸ್ತರೆ." ಪರ್ಸಿನಲ್ಲಿದ್ದ ಫೋಟೋ ತೋರಿಸಿದೆ, ಯಾವುದೋ ಮದುವೆಯಲ್ಲಿ ಬಿಸಿಲಿಗೆ ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡು ನಿಂತದ್ದು. ತುಂಬ ಹೊತ್ತು ನೋಡಿದಳು. "ಲಕ್ಷಣ್ವಾಗವ್ರೆ. ಆದ್ರೆ ಇವ್ರೇ ಅವ್ರು ಅಂತ ಏನ್ ಗ್ಯಾರಂಟಿ?" ಪೋರ್ಟಲಿಗೇ ಪಾಠ ಹೇಳಬಲ್ಲ ಹೆಂಗಸು.

"ಸರಿ, ಒಂದ್ ಕೇಳ್ತೀನಿ. ನಿಮ್ಮನ್ನ ಅವ್ರು ಏನಂತ ಕೂಗ್ತಿದ್ರು?"

ಪುಟ್ಟಮಾದಯ್ಯ ಕೈ ಮುಗಿಯುವ ಹಾಗೆ ನನ್ನನ್ನು ನೋಡುತ್ತಿದ್ದ.

"ಬೀಯೆ" ಎಂದೆ.

"ಅಂಗಂದ್ರೆ?"

"ಬಿ.ಎ. ಓದಲು ಹೋಗಿ ಮುಗಿಸಲಿಲ್ಲ. ಅದಕ್ಕೆ. ಬೀಯೆ, ಊಟಕ್ಕೆ ಬನ್ನಿ. ಬೀಯೆ, ನಲ್ಲಿ ನೀರು ಬಂತು. ಹೀಗೆ."

ಅವಳ ಕೈಯಲ್ಲಿದ್ದ ಅವರೆಕಾಯಿ ಕೆಳಗೆ ಬಿತ್ತು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಗು ನಿಲ್ಲಿಸಲು ಆಗದೆ ಎದ್ದು ಒಳಗೆ ಹೋದಳು, ಚಾಪೆ ತಂದು ಹಾಕಿದಳು. "ಇದ ಯಾರೂ ಸುಳ್ಳೇಳಕಾಗಲ್ಲ ಬುಡಿ. ಕುಂತ್ಕೊಳಿ." ಆಮೇಲೆ ಗಂಡನ ಕಡೆ ತಿರುಗಿ, "ಸತ್ತೋಗವ್ರೆ ಅಂತ ಮೊದ್ಲೇ ಯೋಳಕ್ಕೇನಾಗಿತ್ತು ನಿಮ್ಗೆ? ಒಂದ್ ವರ್ಸದಿಂದ ನೆಮ್ದಿಯಾಗ್ ಇರ್ತಿದ್ನಲ್ಲ!" ಎಂದಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. "ತಪ್ ತಿಳ್ಕೋಬೇಡಿ ಅಣ್ಣ. ಅಂಗಲ್ಲ ನಾನಂದಿದ್ದು."

ನನಗೆ ಬೇಸರವಾಗಲಿಲ್ಲ. ಅವಳು ಸತ್ತದ್ದರಿಂದ ಒಬ್ಬರಿಗಾದರೂ ಒಳ್ಳೆಯದಾಯಿತಲ್ಲ.

ಮುದ್ದೆ, ಅವರೆಕಾಳು ಸಾರು. ಎರಡು ಮುದ್ದೆ ನುಂಗಿದೆ. ಪುಟ್ಟಮಾದಯ್ಯ, "ಸಾ, ಅಮ್ಮಾವ್ರು ಜೂನಲ್ಲಿ ಉಟ್ಟಿದ್ದಾ?" ಎಂದು ಕೇಳಿದ. ಅದು ಸ್ಕೂಲಿನ ಮೇಷ್ಟ್ರು ಬರೆದ ತಾರೀಕು, ನಿಜವಾದದ್ದು ಅವಳ ಅಮ್ಮನಿಗೂ ಗೊತ್ತಿರಲಿಲ್ಲ ಎಂದೆ. "ನಂದೂ ಜೂನ್ ಒಂದೇ ಸಾ!" ಎಂದು ಬಹಳ ಸಂತೋಷಪಟ್ಟ.

ಆದರೆ ಓಟಿಪಿ ಮಾತು ಬಂದರೆ ಕಲ್ಲು. "ಫೋನಲ್ಲಿ ಯೋಳಾಕಿಲ್ಲ. ಯಾರ್ದೋ ಅವ್ರ್ ಮುಖ ನೋಡಿ ಅವ್ರ್ ಕಿವೀಗ್ ಯೋಳ್ತೀನಿ. ನಾನೇ ಬತ್ತೀನಿ ಕೊಳ್ಳೇಗಾಲಕ್ಕೆ. ಇಪ್ಪತ್ತೆಂಟಕ್ಕೆ ಆಯ್ತಾ? ಅಷ್ಟೊತ್ಗೆ ಜ್ವಾಳ ಒಕ್ಕಣೆ ಮುಗೀತದೆ."

ಅಲ್ಲಿಗೆ ಎರಡೇ ದಿನ ಉಳಿಯುತ್ತದೆ. ಆದರೂ ಹೂಂ ಅಂದೆ. ವಾಪಸು ಬರುವಾಗ ಹನೂರಿನಲ್ಲಿ ಬಸ್ಸು ತಪ್ಪಿತು. ಕಡಲೆಕಾಯಿ ತಿನ್ನುತ್ತ ಕೂತಿದ್ದೆ, ಪರವಾಗಿಲ್ಲ.

ನವೆಂಬರ್ ೨೬, ಬುಧವಾರ

ಬರುವವರಿಗೆ ಊಟ ಹಾಕಬೇಕು. ಹೋಟೆಲಿನಿಂದ ತರಿಸೋಣವೆಂದರೆ ದೊಡ್ಡಬಸಮ್ಮ, "ಥೂ, ಅವ್ರು ನಿಂಗೆ ಮನೇಲ್ ಮಾಡಿಕ್ಲಿಲ್ವಾ?" ಎಂದಳು. ಅಭ್ಯಾಸಕ್ಕೆಂದು ಇವತ್ತು ಸಾರು ಮಾಡಿದೆ. ಮೊದಲನೆಯದು ಚೆಲ್ಲಿದೆ. ಎರಡನೆಯದನ್ನು ತಿಂದೆ.

ದೇವಣ್ಣ ಬಂದು ಜಗಲಿ ತೊಳೆಯಲು ಮುಂಬಾಗಿಲು ತೆಗೆ ಎಂದ. ಉಬ್ಬಿದೆ ಎಂದೆ. ಒಂದು ಒದ್ದ. ತೆರೆದುಕೊಂಡಿತು. "ಉಬ್ಬೂ ಇಲ್ಲ ಗಿಬ್ಬೂ ಇಲ್ಲ, ಇದ್ಯಾಕ್ಲಾ ಇಂಗ್ ಸುಳ್ಳೇಳ್ತಿದ್ದೆ?" ಎಂದ. ಬೇಸಿಗೆಯಲ್ಲಿ ಕುಗ್ಗಿರಬೇಕು. ಈಗ ಬೇಸಿಗೆ ಅಲ್ಲ, ನಿಜ.

ನವೆಂಬರ್ ೨೮, ಶುಕ್ರವಾರ

ಬೆಳಿಗ್ಗೆಯ ಬಸ್ಸಿಗೆ ಗಂಡಹೆಂಡಿರಿಬ್ಬರೂ ಇಳಿದರು. ದೇವೀರಮ್ಮ ಮಡಿಲು ತುಂಬ ಅವರೆಕಾಯಿ ತಂದಿದ್ದಳು. ಬಂದವಳೇ ಗೋಡೆಯ ಮೇಲಿನ ಫೋಟೋದ ಮುಂದೆ ನಿಂತು, "ನೀವೇನಾ ತಾಯಿ? ತಪ್ಪಾಯ್ತು" ಎಂದು ಕೈ ಮುಗಿದಳು.

ಮೋಹನ್ ಲ್ಯಾಪ್‌ಟಾಪ್ ಇಟ್ಟುಕೊಂಡು ಜಗಲಿಯಲ್ಲಿ ಕೂತ. ಪಕ್ಕದಲ್ಲಿ ಪುಟ್ಟಮಾದಯ್ಯ. ಬೀದಿಯವರೆಲ್ಲ ಸಾಲು. ಕ್ರಮ ಹೀಗೆ: ಓಟಿಪಿ ಬಂದೊಡನೆ ಪುಟ್ಟಮಾದಯ್ಯ, "ದೇವಣ್ಣ ಯಾರು?" ಎಂದು ಕೇಳಿ, ಮುಖ ನೋಡಿ, ಹತ್ತಿರ ಕರೆದು, ಕೈ ಅಡ್ಡ ಹಿಡಿದು ಕಿವಿಯಲ್ಲಿ ಹೇಳುವುದು. ದೇವಣ್ಣನಿಗೆ ಕಿವಿ ಮಂದ, ಮಗ್ಗ ಹೊಡೆದು ಹೊಡೆದು. "ಆಂ?" ಎಂದ. ಮತ್ತೆ ಪಿಸುಮಾತು. "ಆಂ?" ಓಟಿಪಿಯ ಅವಧಿ ಮುಗಿಯಿತು. ಎರಡನೆಯದೂ ಹೋಯಿತು. ಇನ್ನೊಂದು ತಪ್ಪಿದರೆ ನಾಳೆಯ ತನಕ ಲಾಕ್ ಎಂದು ಮೋಹನ್ ಬೆವರತೊಡಗಿದ. ಬಿಸಿಲೇರಿದರೂ ಒಬ್ಬರದೂ ಆಗಲಿಲ್ಲ.

ದೇವೀರಮ್ಮ ಒಳಗಿನಿಂದ ಬಂದು ಗಂಡನ ಕೈಯಿಂದ ಫೋನ್ ಕಿತ್ತುಕೊಂಡಳು. "ಇದೇನ್ ಗಿಣಿಶಾಸ್ತ್ರ ಯೋಳ್ತಿದ್ದೀರಾ? ಇಲ್ಲಿರೋರೆಲ್ಲ ಮನೆಯೋರೇ ತಾನೆ!" ಜಗಲಿಯ ತುದಿಗೆ ಬಂದು ನಿಂತು ಕೂಗಿದಳು. "ದೇವಣ್ಣೋ! ಎಂಟು! ಮೂರು! ಮೂರು! ಸೊನ್ನೆ..."

ಸಾಲಿನಲ್ಲಿದ್ದವರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ನಾನು ಒಳಗೆ ಸಾರು ಉಕ್ಕುತ್ತಿದೆಯೇನೋ ಎಂದು ಎದ್ದು ಹೋದೆ. ಉಕ್ಕಿರಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಬಂದೆ.

ಅಲ್ಲಿಂದ ಸರಸರ ಆಯಿತು. ಸಿಕ್ಕಿಬಿದ್ದದ್ದು ದೊಡ್ಡಬಸಮ್ಮನ ಮುಖ. ಓಟಿಪಿ ಸರಿ, ಮುಖವೂ ಸರಿ, ಆದರೆ ಪೋರ್ಟಲ್ ಕಣ್ಣು ಮಿಟುಕಿಸು ಎನ್ನುತ್ತದೆ.

"ಈ ವಯಸ್ನಲ್ಲಿ ಯಾವನ್ಗೋ ಕಣ್ಣೊಡಿ ಅಂತೀಯಲ್ಲೋ ನಟರಾಜು, ನಿನ್ ಬಾಯಿಗ್ ಮಣ್ಣಾಕ."

ದೇವರ ಮುಂದೆ ನಿಂತ ಹಾಗೆ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ತೆರೆಯಲೇ ಇಲ್ಲ. ತಪ್ಪು. ಎರಡನೇ ಸಲ ರೆಪ್ಪೆ ಬಡಿಯದೆ ದುರುಗುಟ್ಟಿ ನೋಡಿದಳು. ತಪ್ಪು. ಮೋಹನ್, "ಅಜ್ಜಿ, ಇನ್ನೊಂದೇ" ಎಂದ. ಅವಳ ಮಗ್ಗದ ಮೇಲೆ ಇನ್ನೂ ಸೆರಗಿಲ್ಲದ ಸೀರೆ. ನನಗೆ ಏನು ತೋಚಿತೋ, "ಅಮ್ಮ, ಪ್ರೇಮಾ ನನ್ನನ್ನು ಬೈದು ಬೈದು ಒಳಗೆ ಕಳಿಸಿ ಆಮೇಲೆ ನಿಮ್ಮ ಕಡೆ ನೋಡುತ್ತಿದ್ದಳಲ್ಲ, ಆಗ ನೀವು ಏನು ಮಾಡುತ್ತಿದ್ದಿರಿ?" ಎಂದೆ.

"ನಿಂಗ್ ಗೊತ್ತಿತ್ತಾ ಅದು?" ಎಂದು ಮುದುಕಿ ನಕ್ಕು, ಲ್ಯಾಪ್‌ಟಾಪಿನ ಕಡೆ ಪಟಕ್ಕನೆ ಒಂದು ಕಣ್ಣು ಹೊಡೆದಳು. ಆಮೇಲೆ ಎರಡೂ. ಹಸಿರು ಬಂತು. ಬಾಗಿಲು ತೆರೆಯಿತು. ಮೋಹನ್ ನೂಲಿಗೆ ಓಡಿದ.

ಅವನು ಬರುವಷ್ಟರಲ್ಲಿ ಇನ್ನೊಂದು ಆಗಿಹೋಗಿತ್ತು. ಒಳಗೆ ಹೋದ ಮೇಲೆ ಪೋರ್ಟಲ್ ಒಬ್ಬೊಬ್ಬರದೂ ಹೊಸ ನಂಬರು ಕೇಳುತ್ತಿತ್ತು. ದೊಡ್ಡಬಸಮ್ಮನಿಗೆ ಫೋನಿಲ್ಲ, ಅಗರದಲ್ಲಿರುವ ಮಗಳ ನಂಬರು ಹಾಕೋಣ ಎಂದೆ. "ಅಗ್ರದಿಂದ ಕೂಗುದ್ರೆ ನಂಗ್ ಕೇಳ್ತದಾ? ನಿಂದೇ ಆಕು" ಎಂದಳು. ಹಾಕಿದೆ. ದೇವಣ್ಣ, "ಅಂಗಾದ್ರೆ ನಂದೂ ನಿಂದೇ ಆಕ್ಲಾ. ಮಗ್ಗ ಬುಟ್ಟು ಯಾರ್ ಏಳ್ತರೆ?" ಎಂದ. ಅವನ ಹಿಂದೆ ಅವನ ಪಕ್ಕದ ಮನೆಯವರು. ಕೊನೆಗೆ ಇಡೀ ಬೀದಿಗೆ ನನ್ನ ಬಾಲವೇ.

ಮೋಹನ್ ಬಂದು ನೋಡಿ ತಲೆ ಚಚ್ಚಿಕೊಂಡ. "ನಟರಾಜಣ್ಣ, ಓದಿರೋರು ನೀವೂ ಇಂಗ್ ಮಾಡುದ್ರೆ? ಮತ್ತೆ ಅದೇ ಆಯ್ತಲ್ಲ! ನಾಳೆ ನೀವೂ..." ನಿಲ್ಲಿಸಿಬಿಟ್ಟ.

"ನಾಳೆ ನಾನೂ ಸತ್ತರೆ ಅಂತ ತಾನೆ? ರೀಚಾರ್ಜ್ ಮಾಡಿಸಿಯೇ ಸಾಯ್ತೀನಿ, ಹೋಗು" ಎಂದೆ.

ಎಲ್ಲರಿಗೂ ಊಟ ಹಾಕಿದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ, ದೇವಣ್ಣ ಮಾತ್ರ ಹೇಳಿದ. ಹೊರಡುವಾಗ ಪುಟ್ಟಮಾದಯ್ಯ, "ಸಾ, ನಿಮ್ ಗ್ಯಾಸಿಂದೂ ನನ್ ನಂಬರ್ಗೇ ಬತ್ತದೆ. ಅದ್ನೂ ಬದ್ಲಾಯಿಸ್ಬುಡಿ, ಇವತ್ತೇ ಮುಗೀಲಿ" ಎಂದ.

ಏಜೆನ್ಸಿ ಇಷ್ಟು ಹೊತ್ತಿಗೆ ಮುಚ್ಚಿರುತ್ತದೆ ಎಂದೆ. ಮುಚ್ಚಿರಲಿಲ್ಲ, ಇನ್ನೂ ನಾಲ್ಕು ಗಂಟೆ. ಅವನೂ ಗಡಿಯಾರ ನೋಡಿ, ಚಪ್ಪಲಿ ಮೆಟ್ಟಿಕೊಂಡ.

ಬರೆಯುತ್ತಿರುವಾಗ ದೊಡ್ಡಬಸಮ್ಮನ ಮಗ್ಗ ಹೊಡೆದುಕೊಳ್ಳುತ್ತಿದೆ. ಗದ್ದಲ. ಮುದುಕಿಗೆ ಹೊತ್ತು ಗೊತ್ತು ಏನೂ ಇಲ್ಲ.

ಡಿಸೆಂಬರ್ ೩, ಬುಧವಾರ

ಗ್ಯಾಸ್ ಮುಗಿಯಿತು, ಅರ್ಧ ಬೆಂದ ಅನ್ನದ ಸಮೇತ. ಏಜೆನ್ಸಿಗೆ ಹೋಗಿ ಬುಕ್ ಮಾಡಿಸಿ ಬಂದೆ. ನಂಬರು ಬದಲಾಯಿಸುವುದು ಇನ್ನೊಂದು ದಿನವಾಗಲಿ. ಬೆಳಿಗ್ಗೆಯಿಂದ ಬೀದಿಯವರಿಗೆ ಓಟಿಪಿ ಕೂಗಿ ಗಂಟಲು ಕೆಟ್ಟಿದೆ. ಮಗ್ಗದ ಸದ್ದನ್ನು ದಾಟಿಸಲು ದನಿಯನ್ನು ಮೂಗಿನಿಂದ ತೆಗೆಯಬೇಕು. ಅವಳು ಹೇಗೆ ತೆಗೆಯುತ್ತಿದ್ದಳೋ. ಹಿತ್ತಲ ಬಾಗಿಲಿನ ಚಿಲಕ ತುಕ್ಕು ಹಿಡಿದಿದೆ, ಎಣ್ಣೆ ಬಿಡಬೇಕು.

ಡಿಸೆಂಬರ್ ೫, ಶುಕ್ರವಾರ

ಜಗಲಿಯ ಮೇಲೆ ಕೂತಿದ್ದೆ. ಸಿಲಿಂಡರಿನವನು ಬಂದ. ಹೆಗಲಿಂದ ಇಳಿಸದೆ ನಿಂತು, "ಫೋನಿಗ್ ಬಂದಿರೋ ನಂಬರ್ ಯೋಳಿ ಸಾ, ಆಮ್ಯಾಕೆ ಇಳುಸ್ತೀನಿ" ಎಂದ.

ಫೋನ್ ತೆಗೆದು "ಮನೆ" ಒತ್ತಿದೆ. ಇನ್ನೂ ಹಾಗೇ ಇದೆ, ತಿದ್ದಿಲ್ಲ. ನನಗೂ ಕಿವಿ ಅಷ್ಟಕ್ಕಷ್ಟೆ, ಸ್ಪೀಕರಿಗೆ ಹಾಕಿದೆ. ದೇವೀರಮ್ಮ ಎತ್ತಿಕೊಂಡಳು.

"ಯಾರು?"

"ಪ್ರೇಮಾಳ ಗಂಡ."

"ಇರಿ ಇರಿ. ಇವ್ರು ಯೋಳವ್ರೆ, ಅಂಗೆಲ್ಲ ನಂಬ್ಬಾರ್ದು ಅಂತ. ಏನಂತ ಕೂಗ್ತಿದ್ರು?"

ಸಿಲಿಂಡರಿನವನು ನನ್ನನ್ನೇ ನೋಡುತ್ತಿದ್ದ. ನೋಡಲಿ.

"ಬೀಯೆ."

"ಆಂ, ಬರ್ಕೊಳಿ!" ಎಂದಳು. ಶಾಗ್ಯದಿಂದ ಕೊಳ್ಳೇಗಾಲಕ್ಕೆ ಬರಿಯ ಬಾಯಲ್ಲೇ ಮುಟ್ಟಿಸುವವಳ ಹಾಗೆ ಕೂಗಿದಳು. "ಎರಡು! ಒಂಬತ್ತು! ಒಂಬತ್ತು! ಆರು!"

ಎದುರುಮನೆಯಲ್ಲಿ ದೇವಣ್ಣನ ಮಗ್ಗ ನಿಂತಿತು. ಅದರ ಹಿಂದೆಯೇ ದೊಡ್ಡಬಸಮ್ಮನದು. ಕಿಟಕಿಯಿಂದ ದೇವಣ್ಣ ತಲೆ ಹಾಕಿದ.

"ಯಾರ್ದ್ಲಾ ಓಟೀಪಿ?"

"ನಂದು ಕಣ್ಲಾ" ಎಂದೆ. "ನೀನು ನೇಯಿ."